ಊರಿನ ಅತಿಥಿಗಳಿಗೆ ಮುಂಬಯಿ ದರ್ಶನ

ಬೇಸಿಗೆಯ ರಜೆ ಆರಂಭವಾಯಿತೆಂದರೆ, ದೀಪಾವಳಿ ಮುಗಿಯಿತೆಂದರೆ, ಮುಂಬಯಿ ಕನ್ನಡಿಗರ ಮನೆಗಳಿಗೆ ಊರಿನಿಂದ ಅತಿಥಿಗಳು ಬರತೊಡಗುತ್ತಾರೆ. ಬರುವವರಲ್ಲಿ ಹೆಚ್ಚಿನವರು ವೃದ್ಧ ತಂದೆತಾಯಿಗಳು, ಅತ್ತೆಮಾವಂದಿರು. ಡೊಂಬಿವಲಿಯಲ್ಲೋ ಬೊರಿವಲಿಯಲ್ಲೋ ಇರುವ ಎರಡು ಕೋಣೆಗಳ ಮನೆಯಲ್ಲಿ ಅವರು ಹತ್ತಿಪ್ಪತ್ತು ದಿನ ಉಳಿಯುತ್ತಾರೆ. ಬೆಳಗಿನ ಗಾಡಿ ಹಿಡಿದು ಹೋದ ಮಗ ಮರಳುವುದು ರಾತ್ರಿಯೇ. ಹಗಲೆಲ್ಲ ಅತಿಥಿಗಳಿಗೆ ಕಾಣುವುದು ಕಿಟಕಿಯ ಆಚೆಗಿನ ಇನ್ನೊಂದು ಕಟ್ಟಡದ ಗೋಡೆ. ಕೊನೆಗೆ, ಅವರು ಹೊರಡುವ ಮುನ್ನಿನ ಭಾನುವಾರ, ಸಾಲ ತೀರಿಸುವವರಂತೆ ಮನೆಯವರು ಅವರನ್ನು ಹೊರಡಿಸುತ್ತಾರೆ. ಗೇಟ್‌ವೇ, ವಸ್ತುಸಂಗ್ರಹಾಲಯ, ಚೌಪಾಟಿ, ಹ್ಯಾಂಗಿಂಗ್ ಗಾರ್ಡನ್, ಮಹಾಲಕ್ಷ್ಮಿ, ಸಿದ್ಧಿವಿನಾಯಕ, ಜುಹೂ — ಎಲ್ಲವೂ ಒಂದೇ ದಿನದಲ್ಲಿ ಮುಗಿಯಬೇಕು!

ಇದರ ಪರಿಣಾಮ ಸಂಜೆಗೆ ಕಾಣಿಸಿಕೊಳ್ಳುತ್ತದೆ. ಕಾಲು ಬಾತುಕೊಳ್ಳುತ್ತದೆ, ತಲೆ ಸುತ್ತುತ್ತದೆ, ಹೊಟ್ಟೆ ಕೆಡುತ್ತದೆ. ಊರಿಗೆ ಮರಳಿದ ಮೇಲೆ ಮುಂಬಯಿ ಹೇಗಿದೆಯೆಂದು ಕೇಳಿದವರಿಗೆ ಅವರು ಹೇಳುವುದು ಜನಸಂದಣಿಯ ಮತ್ತು ಮಂಡಿನೋವಿನ ಕಥೆಯನ್ನು ಮಾತ್ರ. ಮಗ ಯಾವ ನಗರದಲ್ಲಿ ಬಾಳುತ್ತಿದ್ದಾನೆಂಬುದನ್ನು ಅವರು ನೋಡಿಯೂ ನೋಡದಂತಾಗುತ್ತದೆ. ಕರೆದುಕೊಂಡು ಹೋದ ಮಗನೂ ಅನೇಕ ವೇಳೆ ಈ ನಗರವನ್ನು ರೈಲಿನ ಕಿಟಕಿಯಿಂದಲ್ಲದೆ ಬೇರೆ ರೀತಿಯಲ್ಲಿ ನೋಡಿರುವುದಿಲ್ಲ.

ಇದಕ್ಕೆ ಪರಿಹಾರ ಸುಲಭವಾಗಿದೆ. ಒಂದು ದಿನದ ಓಟದ ಬದಲು ಮೂರು ಬೇರೆ ಬೇರೆ ದಿನಗಳನ್ನು ಗೊತ್ತುಮಾಡಿ, ಪ್ರತಿದಿನ ಎರಡು ಮೂರು ಸ್ಥಳಗಳನ್ನಷ್ಟೇ ನೋಡುವುದು. ಅವುಗಳನ್ನು ಆರಿಸುವಾಗ, ಕನ್ನಡ ನಾಡಿನಿಂದ ಬಂದವರಿಗೆ ತಮ್ಮದೆಂದು ಅನ್ನಿಸುವಂಥವುಗಳಿಗೆ ಮೊದಲ ಸ್ಥಾನ ಕೊಡುವುದು. ಅಂಥ ಸ್ಥಳಗಳು ಮುಂಬಯಿಯಲ್ಲಿ ಅನೇಕರು ತಿಳಿದಿರುವುದಕ್ಕಿಂತ ಹೆಚ್ಚಾಗಿವೆ.

ಕರಾವಳಿಯ ಬಿಸಿಲು

ಮುಂಬಯಿಯ ಬಿಸಿಲನ್ನು ಅಂಕಿಯಿಂದ ಅಳೆದರೆ ಮೋಸಹೋಗುವ ಸಂಭವವಿದೆ. ಕಲಬುರಗಿಯ 40 ಡಿಗ್ರಿಯನ್ನು ಸಹಿಸಿದವರು ಇಲ್ಲಿಯ 33 ಡಿಗ್ರಿಯಲ್ಲಿ ಬಳಲುತ್ತಾರೆ. ಬೆವರು ಆವಿಯಾಗಿ ಹೋಗುವಾಗ ದೇಹದ ತಾಪವನ್ನು ಕೊಂಡೊಯ್ಯುತ್ತದೆ. ಒಣಹವೆಯಲ್ಲಿ ಈ ಕ್ರಿಯೆ ಬೇಗ ನಡೆಯುತ್ತದೆ. ಸಮುದ್ರತೀರದ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ನೀರು ಮತ್ತು ಲವಣ ನಷ್ಟವಾಗುತ್ತವೆ, ಆದರೆ ಮೈ ತಣಿಯುವುದಿಲ್ಲ. ಮಾರ್ಚಿನಿಂದ ಮೇ ತಿಂಗಳವರೆಗೆ, ಮತ್ತೆ ಮಳೆ ಹಿಂದೆಗೆದ ಅಕ್ಟೋಬರಿನಲ್ಲಿ ಈ ತೊಂದರೆ ಹೆಚ್ಚು. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಸಂಚಾರಕ್ಕೆ ಉತ್ತಮ.

ಹಗಲು ನೆಲ ಕಾದು ಅದರ ಮೇಲಿನ ಗಾಳಿ ಮೇಲೇರಿದಂತೆ ಸಮುದ್ರದ ಕಡೆಯಿಂದ ತಂಪುಗಾಳಿ ಒಳನುಗ್ಗುತ್ತದೆ. ಆದುದರಿಂದ ಬೆಳಿಗ್ಗೆ ಬಯಲಿನಲ್ಲಿ, ನಡುಹಗಲು ಸೂರಿನ ಕೆಳಗೆ, ಸಂಜೆ ಕಡಲಿನ ಬಳಿ — ಈ ಕ್ರಮವನ್ನು ಅನುಸರಿಸಿದರೆ ಅರ್ಧ ಆಯಾಸ ತಪ್ಪಿದಂತೆಯೇ.

ಮೊದಲ ದಿನ: ಕಲೆ

ದಕ್ಷಿಣ ಮುಂಬಯಿಯ ಕಾಲಾ ಘೋಡಾ ಪ್ರದೇಶದಲ್ಲಿ ಕಲೆಯ ಮೂರು ಮನೆಗಳು ಪರಸ್ಪರ ಕೂಗಳತೆಯಲ್ಲಿವೆ. ಅವುಗಳಲ್ಲಿ ಹಿರಿದಾದುದು ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂಬ ಹೆಸರಿನಿಂದ 1922ರಲ್ಲಿ ಇದು ಸಾರ್ವಜನಿಕರಿಗೆ ತೆರೆಯಿತು. ಅದಕ್ಕೆ ಮೊದಲು, ಪ್ರಥಮ ಮಹಾಯುದ್ಧದ ಕಾಲದಲ್ಲಿ, ಇದೇ ಕಟ್ಟಡ ಸೈನಿಕ ಆಸ್ಪತ್ರೆಯಾಗಿತ್ತು. ಇದನ್ನು ರೂಪಿಸಿದ ಜಾರ್ಜ್ ವಿಟೆಟ್ ಒಳಗಿನ ಕಮಾನುಗಳಿಗೆ ವಿಜಾಪುರದ ಗೋಲಗುಂಬಜದಿಂದ ಸ್ಫೂರ್ತಿ ಪಡೆದನು. ಇನ್ನೂ ಮುಖ್ಯವಾದುದು ಶಿಲ್ಪವಿಭಾಗ. ಐಹೊಳೆಯ ದೇವಾಲಯದ ಛಾವಣಿಯಲ್ಲಿದ್ದ ಚಾಲುಕ್ಯ ಶಿಲ್ಪಫಲಕಗಳು ಇಲ್ಲಿವೆ. ಋಷಿಗಳಿಂದ ಸುತ್ತುವರಿದ ಬ್ರಹ್ಮ, ಶೇಷಶಯನನಾದ ವಿಷ್ಣು ಮೊದಲಾದ ಈ ಮೂರ್ತಿಗಳನ್ನು ಮೂಲಸ್ಥಾನದಲ್ಲಿದ್ದಾಗ ಕತ್ತು ಮೇಲೆತ್ತಿ ನೋಡಬೇಕಾಗಿತ್ತು. ಇಲ್ಲಿ ಅವು ನೋಡುವವರ ಕಣ್ಣಿನ ಮುಂದೆಯೇ ನಿಂತಿವೆ.

ಐಹೊಳೆಯ ಕಲ್ಲು ಮುಂಬಯಿಯಲ್ಲಿರುವುದು ಆಶ್ಚರ್ಯದ ವಿಷಯವಲ್ಲ. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುವು. ಅಲ್ಲಿಯ ಹಿರಿಯರಿಗೆ ಈ ನಗರ ಒಂದು ಕಾಲಕ್ಕೆ ಸ್ವಂತ ರಾಜಧಾನಿಯೇ ಆಗಿದ್ದಿತು.

ಸಂಗ್ರಹಾಲಯದ ಪಕ್ಕದಲ್ಲಿರುವ ಜಹಾಂಗೀರ್ ಕಲಾಶಾಲೆ 1952ರಲ್ಲಿ ಸ್ಥಾಪನೆಯಾಯಿತು. ಸರ್ ಕಾವಸ್‌ಜಿ ಜಹಾಂಗೀರ್ ಅವರು ಇದಕ್ಕೆ ಧನ ಒದಗಿಸಿದರು. ನಗರಕ್ಕೆ ಇಂತಹ ಕಲಾಶಾಲೆಯೊಂದು ಬೇಕೆಂದು ಒತ್ತಾಯಿಸಿದವರಲ್ಲಿ ವಿಜ್ಞಾನಿ ಹೋಮಿ ಭಾಭಾ ಅವರೂ ಚಿತ್ರಕಾರ ಕೆ. ಕೆ. ಹೆಬ್ಬಾರರೂ ಪ್ರಮುಖರು. ಹೆಬ್ಬಾರರು 1911ರಲ್ಲಿ ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, 1996ರಲ್ಲಿ ಈ ನಗರದಲ್ಲಿಯೇ ನಿಧನರಾದರು. ಹಳ್ಳಿಯಿಂದ ಬರಿಗೈಯಲ್ಲಿ ಬಂದ ಕನ್ನಡಿಗನೊಬ್ಬ ಈ ನಗರದ ಕಲಾಜೀವನಕ್ಕೆ ಕೊಟ್ಟ ಕಾಣಿಕೆಯನ್ನು ಅತಿಥಿಗಳಿಗೆ ತಿಳಿಸಿ ಹೇಳಬೇಕು. ಇಲ್ಲಿ ಪ್ರವೇಶಕ್ಕೆ ಶುಲ್ಕವಿಲ್ಲ. ಹೊರಗಿನ ಕಾಲುದಾರಿಯಲ್ಲಿ ಯುವಕಲಾವಿದರು ತಮ್ಮ ಚಿತ್ರಗಳನ್ನು ಮಾರಾಟಕ್ಕಿಟ್ಟಿರುತ್ತಾರೆ. ಊರಿಗೆ ಒಯ್ಯಲು ಪ್ಲಾಸ್ಟಿಕ್ ಗೊಂಬೆಗಿಂತ ಅಂಥ ಒಂದು ಚಿಕ್ಕ ಚಿತ್ರ ಮೇಲು. ಎದುರಿಗೆ, 1911ರ ಹಳೆಯ ಸಭಾಭವನದಲ್ಲಿ, 1996ರಿಂದ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯವಿದೆ. ಸೋಮವಾರ ಅದಕ್ಕೆ ರಜೆ.

ಬಿಸಿಲು ಇಳಿದ ಮೇಲೆ ಗೇಟ್‌ವೇ ಆಫ್ ಇಂಡಿಯಾದ ಕಡೆಗೆ ನಡೆಯಬಹುದು. 1911ರಲ್ಲಿ ಬ್ರಿಟಿಷ್ ದೊರೆ ಬಂದಿಳಿದುದರ ನೆನಪಿಗೆ ಕಟ್ಟಿ 1924ರಲ್ಲಿ ಪೂರ್ಣಗೊಳಿಸಿದ ಈ ಕಮಾನಿನ ಮೂಲಕವೇ ಬ್ರಿಟಿಷರ ಕೊನೆಯ ಸೈನ್ಯದಳ 1948ರ ಫೆಬ್ರವರಿ 28ರಂದು ನಿರ್ಗಮಿಸಿತು. ಸ್ವಾಗತಕ್ಕೆಂದು ಕಟ್ಟಿದ್ದು ಬೀಳ್ಕೊಡುಗೆಗೆ ಒದಗಿತು.

ಎರಡನೆಯ ದಿನ: ಪೇಟೆ

ಪೇಟೆಗೆ ಶನಿವಾರದ ಬೆಳಗು ಸೂಕ್ತ. ಭಾನುವಾರ ಬಟ್ಟೆಯ ಸಗಟು ಪೇಟೆಗಳು ಮುಚ್ಚಿರುತ್ತವೆ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ನಿಲ್ದಾಣದಲ್ಲಿ ಇಳಿದೊಡನೆ ಓಡದೆ, ಹೊರಗೆ ಬಂದು ರಸ್ತೆಯ ಆಚೆಯಿಂದ ಕಟ್ಟಡವನ್ನು ಹತ್ತು ನಿಮಿಷ ನೋಡಬೇಕು. 1878ರಲ್ಲಿ ಆರಂಭವಾಗಿ ಸುಮಾರು ಹತ್ತು ವರ್ಷಗಳ ಕಾಲ ಕಟ್ಟಿದ, 2004ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಕಟ್ಟಡದ ಕೆತ್ತನೆಗಳಲ್ಲಿ ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಯಿದೆ. ದಿನವೂ ಇದರೊಳಗೆ ನುಗ್ಗಿ ಹೊರಬರುವ ಸಹಸ್ರಾರು ಮಂದಿ ಅದರ ನವಿಲನ್ನಾಗಲಿ ಮಂಗನನ್ನಾಗಲಿ ಕಂಡಿರುವುದಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲಿ 1869ರ ಕ್ರಾಫರ್ಡ್ ಮಾರ್ಕೆಟ್, ಎಂದರೆ ಮಹಾತ್ಮಾ ಜ್ಯೋತಿಬಾ ಫುಲೆ ಮಂಡಯಿ. ದ್ವಾರದ ಮೇಲಿನ ಉಬ್ಬುಶಿಲ್ಪಗಳು ಜೆ. ಜೆ. ಕಲಾಶಾಲೆಯ ಅಧ್ಯಾಪಕನಾಗಿದ್ದ ಲಾಕ್‌ವುಡ್ ಕಿಪ್ಲಿಂಗನ ಕೃತಿಗಳು. ಒಳಗೆ ಹಣ್ಣು, ಒಣಹಣ್ಣು, ಮಸಾಲೆ. ಸಮೀಪದಲ್ಲಿಯೇ ಬಟ್ಟೆಗೆ ಮಂಗಲದಾಸ ಮಾರ್ಕೆಟ್. ಕೊಳ್ಳಬೇಕಾದ ವಸ್ತುಗಳ ಪಟ್ಟಿಯನ್ನು ಮನೆಯಲ್ಲಿಯೇ ಬರೆದುಕೊಳ್ಳುವುದು, ಮೂರು ಅಂಗಡಿಗಳಲ್ಲಿ ಬೆಲೆ ಕೇಳಿದ ನಂತರವೇ ಚೌಕಾಸಿಗೆ ತೊಡಗುವುದು, ಬಟ್ಟೆಯ ಬಣ್ಣವನ್ನು ಹೊರಬೆಳಕಿನಲ್ಲಿ ನೋಡುವುದು, ಹಣವನ್ನು ಎರಡು ಕಡೆ ಇಡುವುದು — ಇವು ಹಳೆಯ ನಿಯಮಗಳಾದರೂ ಸವೆದಿಲ್ಲ. ಭಾರವನ್ನು ಒಂದೇ ಕೈಯಲ್ಲಿ ಹೊರದೆ ಎರಡು ಚೀಲಗಳಿಗೆ ಸಮನಾಗಿ ಹಂಚಿದರೆ ಬೆನ್ನಿಗೂ ಹೆಗಲಿಗೂ ಹಿತ.

ಮಧ್ಯಾಹ್ನದ ಊಟಕ್ಕೆ ಮಾಟುಂಗಕ್ಕೆ ಬರಬಹುದು. ಹೂವು, ಬಾಳೆಯೆಲೆ, ನುಗ್ಗೆ, ಕರಿಬೇವು ರಾಶಿಬಿದ್ದಿರುವ ಇಲ್ಲಿಯ ಬೀದಿಗಳಲ್ಲಿ ಊರಿನವರಿಗೆ ಉಸಿರು ಬಂದಂತಾಗುತ್ತದೆ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಊಟದ ಮನೆ ಇರುವುದು ಇಲ್ಲಿಯೇ. 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ನಿನ ಭವನವೂ ಇಲ್ಲಿದೆ. ಮಗನಂತೆ ಬಂದವರು ಇಲ್ಲಿ ಎಷ್ಟು ಮಂದಿ, ಎಷ್ಟು ಹಿಂದಿನಿಂದ ನೆಲೆಸಿದ್ದಾರೆಂಬುದು ತಂದೆತಾಯಿಗಳಿಗೆ ಆಗ ಮನವರಿಕೆಯಾಗುತ್ತದೆ.

ಮೂರನೆಯ ದಿನ: ಗುಹೆಗಳು

ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ ಕನ್ಹೇರಿಯ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಕಪ್ಪುಕಲ್ಲಿನಲ್ಲಿ ಕೊರೆದ ವಿಹಾರಗಳು, ಎತ್ತರದ ಬುದ್ಧಮೂರ್ತಿಗಳುಳ್ಳ ಚೈತ್ಯ, ಮಳೆಯ ನೀರನ್ನು ಹಿಡಿದಿಡುವ ತೊಟ್ಟಿಗಳು ಪ್ರೇಕ್ಷಣೀಯವಾಗಿವೆ. ಇಲ್ಲಿಯ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರಿದೆ. ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರಾಗಿದ್ದರು. ಯಾವ ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ರಚಿತವಾಯಿತೋ ಅವನ ಹೆಸರು ಬೊರಿವಲಿಯ ಬಂಡೆಯ ಮೇಲೆ ಇದೆಯೆಂಬುದನ್ನು, ನಿತ್ಯ ಆ ನಿಲ್ದಾಣದಲ್ಲಿ ಗಾಡಿ ಹತ್ತುವ ಕನ್ನಡಿಗರಲ್ಲಿ ಎಷ್ಟು ಮಂದಿ ಬಲ್ಲರು? ಉದ್ಯಾನದ ದ್ವಾರದಿಂದ ಗುಹೆಗಳಿಗೆ ಕೆಲವು ಕಿಲೋಮೀಟರ್ ದೂರವಿರುವುದರಿಂದ ವೃದ್ಧರು ವಾಹನದಲ್ಲಿ ಹೋಗುವುದೇ ಲೇಸು. ಮಂಗಗಳ ಕಾಟವಿರುವುದರಿಂದ ತಿಂಡಿಯನ್ನು ಕೈಯಲ್ಲಿ ಹಿಡಿಯಬಾರದು.

ಘಾರಾಪುರಿಯ ಎಲಿಫೆಂಟಾ ಗುಹೆಗಳ ಸುಮಾರು 18 ಅಡಿಯ ಮೂರು ಮುಖಗಳ ಸದಾಶಿವನನ್ನು ಕಂಡವರು ಮರೆಯಲಾರರು. ಆದರೆ ಗೇಟ್‌ವೇಯಿಂದ ಸುಮಾರು ಒಂದು ಗಂಟೆಯ ದೋಣಿಪ್ರಯಾಣ, ಆ ಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು! ಮಂಡಿ ಅಥವಾ ಹೃದಯದ ತೊಂದರೆಯುಳ್ಳವರಿಗೆ ಇದು ಸಲ್ಲದು. ಡಿಸೆಂಬರ್ 2024ರಲ್ಲಿ ಈ ಜಲಮಾರ್ಗದಲ್ಲಿ ನಡೆದ ಅಪಘಾತದಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಲೈಫ್ ಜಾಕೆಟ್ ಧರಿಸದೆ ದೋಣಿಯಲ್ಲಿ ಕುಳಿತುಕೊಳ್ಳಬಾರದು. ಎರಡೂ ಕಡೆ ಸೋಮವಾರ ರಜೆ.

ದೇಹದ ಚಿಂತೆ

ಊರಿನಿಂದ ಬಂದ ಹೆಂಗಸರು ಹೊರಗೆ ಹೋಗುವ ದಿನ ನೀರು ಕುಡಿಯುವುದನ್ನೇ ಬಿಡುತ್ತಾರೆ. ಶೌಚಾಲಯ ಎಲ್ಲಿದೆಯೋ ಎಂಬ ಅಂಜಿಕೆ, ಕೇಳಲು ಸಂಕೋಚ. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವ ಗಂಡಸರು ಅದೇ ಕಾರಣಕ್ಕೆ ಅಂದಿನ ಮಾತ್ರೆಯನ್ನು ಗುಟ್ಟಾಗಿ ಬಿಟ್ಟುಬಿಡುತ್ತಾರೆ. ತಲೆಸುತ್ತು, ಮೂತ್ರನಾಳದ ಸೋಂಕು, ರಕ್ತದೊತ್ತಡದ ಏರಿಳಿತಗಳಿಗೆ ಇದೇ ಮೂಲ. ಆದುದರಿಂದ ಪ್ರತಿ ಸ್ಥಳವನ್ನು ತಲಪಿದೊಡನೆ ಶೌಚಾಲಯದ ದಾರಿಯನ್ನು, ಅವರು ಕೇಳುವ ಮೊದಲೇ, ತೋರಿಸುವುದು ಆತಿಥ್ಯದ ಒಂದು ಅಂಗ. ಮಾತ್ರೆಯ ಹೊತ್ತನ್ನು ಬದಲಿಸಬೇಕಾದರೆ ವೈದ್ಯರನ್ನು ಮೊದಲೇ ಕೇಳಬೇಕು.

ಮನೆಯಿಂದಲೇ ಶುದ್ಧ ನೀರನ್ನು ಒಯ್ಯುವುದು ಕ್ಷೇಮ. ಬಹಳ ಬೆವರಿದಾಗ ಒಂದು ಲೀಟರ್ ನೀರಿಗೆ 6 ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ಪಾನಕ ಉಪಯುಕ್ತ. ಇಲ್ಲಿ ಚಮಚವೆಂದರೆ ಚಹಾದ ಚಮಚ. ಸಕ್ಕರೆರೋಗ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರ ಸಲಹೆಯಿಲ್ಲದೆ ಇದನ್ನು ಕುಡಿಯಬಾರದು. ಸಕ್ಕರೆರೋಗಿಗಳು ಊಟದ ಹೊತ್ತು ಮೀರಿಸಬಾರದು. ಕೈನಡುಕ, ತಣ್ಣನೆಯ ಬೆವರು, ಅತಿಯಾದ ಹಸಿವು ಕಂಡರೆ ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಅಂಥ ಹೊತ್ತಿನಲ್ಲಿ ಮೂರು ಚಮಚ ಸಕ್ಕರೆಯನ್ನು ತಕ್ಷಣ ತಿನ್ನಿಸಬೇಕು. ಅದಕ್ಕಾಗಿ ಸಕ್ಕರೆಯ ಪೊಟ್ಟಣವೊಂದು ಜೇಬಿನಲ್ಲಿರಲಿ. ಹೊಸ ಚಪ್ಪಲಿಯನ್ನು ಅಂದೇ ಮೆಟ್ಟಬಾರದು. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಚಿಕ್ಕ ಬೊಬ್ಬೆಯೂ ದೊಡ್ಡ ಹುಣ್ಣಾದೀತು.

ಬಿಸಿಲಿನಲ್ಲಿ ಮಾತು ತೊದಲಿದರೆ, ಮನಸ್ಸು ಗಲಿಬಿಲಿಗೊಂಡರೆ, ಮೈ ಸುಡುತ್ತಿದ್ದರೆ ಅದು ಉಷ್ಣಾಘಾತ. ನೆರಳಿಗೆ ಒಯ್ದು, ಮೈಗೆ ನೀರು ಚಿಮುಕಿಸಿ ಗಾಳಿ ಬೀಸುತ್ತ, 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಪ್ರಯಾಣಕ್ಕೆ ಕಚೇರಿಯ ಹೊತ್ತು ಸರ್ವಥಾ ಬೇಡ. ಭಾನುವಾರವಾದರೆ ರೈಲ್ವೆಯ ಮೆಗಾಬ್ಲಾಕ್ ಎಲ್ಲಿದೆಯೆಂದು ಹಿಂದಿನ ದಿನವೇ ನೋಡಿಕೊಳ್ಳಬೇಕು. ಹಿಂದಿ ಮರಾಠಿ ಬಾರದ ಹಿರಿಯರ ಜೇಬಿನಲ್ಲಿ ವಿಳಾಸ, ದೂರವಾಣಿ ಸಂಖ್ಯೆ, ಸೇವಿಸುವ ಔಷಧಗಳ ಹೆಸರು ಬರೆದ ಚೀಟಿ ಇರಬೇಕು. ಕನ್ನಡದಲ್ಲಿ ಮಾತ್ರವಲ್ಲದೆ ದೇವನಾಗರಿಯಲ್ಲಿಯೂ ಅದನ್ನು ಬರೆಯುವುದು ಮರೆಯದಿರಲಿ.

ಇಷ್ಟು ಎಚ್ಚರಿಕೆಯಿಂದ ಮೂರು ದಿನ ನಡೆದವರು ಮುಂಬಯಿಯನ್ನು ಪೂರ್ತಿ ನೋಡಿರುವುದಿಲ್ಲ, ನಿಜ. ಅದನ್ನು ಪೂರ್ತಿ ನೋಡಿದವರು ಯಾರೂ ಇಲ್ಲ. ಆದರೆ ಐಹೊಳೆಯ ಬ್ರಹ್ಮನನ್ನು, ಕನ್ಹೇರಿಯ ನೃಪತುಂಗನನ್ನು, ಮಾಟುಂಗದ ಬಾಳೆಯೆಲೆಯನ್ನು ಕಂಡ ತಾಯಿ ಊರಿಗೆ ಮರಳುವಾಗ ಮಗನನ್ನು ಪರಸ್ಥಳದಲ್ಲಿ ಬಿಟ್ಟು ಬಂದೆನೆಂಬ ಕೊರಗನ್ನು ಸ್ವಲ್ಪವಾದರೂ ಇಳಿಸಿಕೊಂಡು ಹೋಗುತ್ತಾಳೆ. ಅವಳಿಗೆ ತೋರಿಸಲು ಹೊರಟ ಮಗನೂ, ಇಷ್ಟು ವರ್ಷ ದುಡಿದ ನಗರವನ್ನು ಅಂದೇ ಮೊದಲ ಬಾರಿ ನೋಡಿರುತ್ತಾನೆ.