ಏಪ್ರಿಲ್ 10: ಊರ ಶಾಲೆ ಲೆಕ್ಕ ಒಪ್ಪಿಸುವ ದಿನ

ಕರ್ನಾಟಕದ ಪ್ರಾಥಮಿಕ ಶಾಲೆಯ ವರ್ಷದಲ್ಲಿ ಎರಡು ಅವಧಿಗಳಿವೆ. ಮೇ ತಿಂಗಳ ಕೊನೆಗೆ ಆರಂಭವಾಗಿ ದಸರಾ ರಜೆಗೆ ಮುಗಿಯುವುದು ಮೊದಲನೆಯದು. ರಜೆ ಕಳೆದು ಮತ್ತೆ ಗಂಟೆ ಬಾರಿಸಿದಂದಿನಿಂದ ಸಾಮಾನ್ಯವಾಗಿ ಏಪ್ರಿಲ್ 10ರವರೆಗೆ ನಡೆಯುವುದು ಎರಡನೆಯದು. ಹಳೆಯ ತಲೆಮಾರಿನವರಿಗೆ ಏಪ್ರಿಲ್ 10 ಎಂದರೆ ಪಾಸೋ ಫೇಲೋ ತಿಳಿಯುವ ದಿನ. ಈಗ ಆ ದಿನಕ್ಕೆ ‘ಸಮುದಾಯದತ್ತ ಶಾಲೆ’ ಎಂಬ ಹೆಸರಿದೆ. ಪೋಷಕರು ಶಾಲೆಗೆ ಬಂದು ಮಗುವಿನ ಉತ್ತರಪತ್ರಿಕೆ ಮತ್ತು ಪ್ರಗತಿ ಪತ್ರ ನೋಡುತ್ತಾರೆ, ಶಿಕ್ಷಕರ ಜೊತೆ ಮಾತನಾಡುತ್ತಾರೆ, ಮಗು ವರ್ಷವಿಡೀ ಬರೆದದ್ದು, ಬಿಡಿಸಿದ್ದು, ಮಾಡಿದ್ದು ಎಲ್ಲವನ್ನೂ ಕಣ್ಣಾರೆ ಕಾಣುತ್ತಾರೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಶಾಲೆಗಳಲ್ಲಿ ಈ ದಿನಕ್ಕೆ ತೂಕ ಹೆಚ್ಚು. ಅದಕ್ಕೆ ಕಾರಣ ಇಲ್ಲಿನ ಶಾಲೆಗಳು ಹುಟ್ಟಿದ ಬಗೆಯಲ್ಲೇ ಇದೆ.

ಕರಾವಳಿಯಲ್ಲಿ ಅಕ್ಷರ ಕಲಿಸಿದ ಮೊದಲ ಜಾಗಗಳಲ್ಲಿ ಐಗಳ ಮಠಗಳೂ ಸೇರಿವೆ. ಮರಳಿನ ಮೇಲೆ ಬೆರಳಿನಿಂದ ಬರೆಸಿ, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದ ಏಕೋಪಾಧ್ಯಾಯ ಶಾಲೆಗಳವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಅಚ್ಚಿನ ಪುಸ್ತಕ, ತರಗತಿ, ವೇಳಾಪಟ್ಟಿಗಳ ಶಾಲೆಯನ್ನು ಪರಿಚಯಿಸಿತು. 1956ರವರೆಗೆ ಈ ಸೀಮೆ ಮದರಾಸು ಆಡಳಿತದಲ್ಲಿತ್ತು. ಅಲ್ಲಿನ ಸಹಾಯಧನ ಪದ್ಧತಿಯ ಬಲದಿಂದ ಊರಿನ ಗುತ್ತಿನ ಮನೆಯವರು, ದೇವಸ್ಥಾನ ಮತ್ತು ಚರ್ಚಿನವರು, ಕೆಲವೆಡೆ ಒಬ್ಬ ಮಾಸ್ತರರೇ ಜಾಗ ಹೊಂದಿಸಿ ಹಂಚಿನ ಮಾಡು ಕಟ್ಟಿ ಶಾಲೆ ತೆರೆದರು. ‘ಅನುದಾನಿತ ಹಿರಿಯ ಪ್ರಾಥಮಿಕ ಶಾಲೆ’ ಎಂಬ ಫಲಕ ಇಂದಿಗೂ ಈ ಜಿಲ್ಲೆಯಲ್ಲಿ ಹೆಜ್ಜೆಹೆಜ್ಜೆಗೆ ಕಾಣಸಿಗುವುದು ಅದರಿಂದಲೇ. ಮಕ್ಕಳ ಪದ್ಯಗಳಿಂದ ಮನೆಮಾತಾದ ಪಂಜೆ ಮಂಗೇಶರಾಯರು ಅಂದಿನ ಅವಿಭಜಿತ ದಕ್ಷಿಣ ಕನ್ನಡದ ಶಾಲೆಗಳ ಇನ್‌ಸ್ಪೆಕ್ಟರಾಗಿದ್ದವರು. ಕಾರ್ಕಳ ತಾಲೂಕಿನ ನಂದಳಿಕೆಯ ಮುದ್ದಣ ಹೊಟ್ಟೆಪಾಡಿಗೆ ಡ್ರಿಲ್ ಮಾಸ್ತರಿಕೆ ಮಾಡಿದ ಕವಿ. ಪಾಠದ ಪುಸ್ತಕದಾಚೆಯ ಕಲಿಕೆಯನ್ನು ಈ ಊರುಗಳು ಹೊಸದಾಗಿ ಕಂಡುಕೊಂಡದ್ದಲ್ಲ.

ಮೊದಲ ಅವಧಿಯನ್ನು ಆಳುವುದು ಮಳೆ. ಜೂನ್, ಜುಲೈಯಲ್ಲಿ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದರೆಂಬ ಸುದ್ದಿಗೆ ಮಕ್ಕಳು ಬೆಳಿಗ್ಗೆಯೇ ಕಿವಿಗೊಟ್ಟಿರುತ್ತಾರೆ. ಹಾಗೆ ಕಳೆದುಹೋದ ದಿನಗಳನ್ನು ಆಮೇಲೆ ಶನಿವಾರದ ಮಧ್ಯಾಹ್ನಗಳಲ್ಲಿ ತುಂಬಿಕೊಡಬೇಕು. ಮಳೆಯ ನಡುವೆಯೇ ಆಟಿ ತಿಂಗಳು ಬರುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ಕಾಲ ತುಳುನಾಡಿನ ಹಿಂದಿನ ರೈತಾಪಿ ಮನೆಗಳಲ್ಲಿ ಅಭಾವದ ಕಾಲವಾಗಿತ್ತು. ಇಂದಿನ ಶಾಲೆಗಳು ‘ಆಟಿಡೊಂಜಿ ದಿನ’ ಎಂದು ಆಚರಿಸುತ್ತವೆ. ಮಕ್ಕಳು ಮನೆಯಿಂದ ಪತ್ರೊಡೆ, ತಗಟೆ ಸೊಪ್ಪಿನ ಪಲ್ಯ, ಹಲಸಿನ ಬೀಜದ ತಿಂಡಿ ತರುತ್ತಾರೆ. ಅಜ್ಜಿಯಂದಿರು ಬಂದು ಹಾಲೆ ಮರದ ತೊಗಟೆಯ ಕಷಾಯವನ್ನು ಆಟಿ ಅಮಾವಾಸ್ಯೆಯ ದಿನ ಯಾಕೆ ಕುಡಿಯುತ್ತಿದ್ದರೆಂದು ಹೇಳುತ್ತಾರೆ. ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಚೆನ್ನೆಮಣೆ ಅಂದು ಜಗಲಿಗೆ ಇಳಿಯುತ್ತದೆ. 14 ಗುಳಿ, ಗುಳಿಗೆ 4ರಂತೆ 56 ಮಂಜೊಟ್ಟಿ ಕಾಯಿ. ಯಾವ ಗುಳಿಯಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆಂದು ಮನಸ್ಸಿನಲ್ಲೇ ಎಣಿಸದೆ ಈ ಆಟ ಗೆಲ್ಲುವಂತಿಲ್ಲ. ಎರಡನೇ ತರಗತಿಯ ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಗುವುದು ಕಷ್ಟ. ವರ್ಷಕ್ಕೊಂದು ದಿನ ಪ್ರದರ್ಶನಕ್ಕಿಟ್ಟು ಮತ್ತೆ ಅಟ್ಟಕ್ಕೇರಿಸುವ ಬದಲು ಅದನ್ನು ತರಗತಿಯಲ್ಲೇ ಉಳಿಸಿಕೊಳ್ಳಬೇಕು.

ಸಣ್ಣ ತರಗತಿಗಳ ಕೋಣೆ ಬೇರೆಯೇ ರೀತಿಯದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನ ಕೋಟೆಯಲ್ಲಿ ಶಿಕ್ಷಕರೇ ರೂಪಿಸಿದ ನಲಿ-ಕಲಿ ಪದ್ಧತಿ 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿತು. ಬೆಂಚಿನ ಸಾಲು ಇಲ್ಲ. ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಮಕ್ಕಳು ಸುತ್ತ ಕೂರುತ್ತಾರೆ. ಮಗು ಕಲಿಕೆಯ ಏಣಿಯಲ್ಲಿ ತನ್ನ ಕಾರ್ಡು ಯಾವುದೆಂದು ತಾನೇ ನೋಡಿಕೊಳ್ಳುತ್ತದೆ, ಮುಗಿಸಿದ ಮೇಲೆ ಮುಂದಿನ ಮೆಟ್ಟಿಲಿಗೆ ಹೋಗುತ್ತದೆ. ತಲೆಯ ಮೇಲೆ ಹಗ್ಗದ ಚಪ್ಪರ, ಅದರಲ್ಲಿ ಮಕ್ಕಳ ಚಿತ್ರಗಳು. ಜ್ವರ ಬಂದು ಎರಡು ವಾರ ತಪ್ಪಿಸಿಕೊಂಡ ಮಗು ತಾನು ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಮಳೆಗಾಲದ ಕರಾವಳಿಗೆ ಹೇಳಿ ಮಾಡಿಸಿದ ಅನುಕೂಲ ಇದು.

ಮೊದಲ ಅವಧಿಯ ಕೊನೆಗೆ ಪ್ರತಿಭಾ ಕಾರಂಜಿಯ ಕಾವು ಏರಿರುತ್ತದೆ. ಶಾಲೆ, ಕ್ಲಸ್ಟರ್, ತಾಲೂಕು, ಜಿಲ್ಲೆ ಎಂದು ಮೇಲೇರುವ ಈ ಸ್ಪರ್ಧೆಯಲ್ಲಿ ಕಂಠಪಾಠ, ಕಥೆ ಹೇಳುವುದು, ಅಭಿನಯ ಗೀತೆ, ಛದ್ಮವೇಷ, ಚಿತ್ರಕಲೆ, ಮಣ್ಣಿನ ಮಾದರಿ ಇತ್ಯಾದಿ ವಿಭಾಗಗಳಿವೆ. ಕ್ಲಸ್ಟರ್ ಮಟ್ಟದ ಕಾರಂಜಿಯಲ್ಲಿ ಆತಿಥ್ಯ ವಹಿಸಿದ ಶಾಲೆಯ ಅಂಗಳಕ್ಕೆ ಊರೇ ಬಂದು ನಿಲ್ಲುತ್ತದೆ. ಅಡುಗೆಗೆ ತೆಂಗಿನಕಾಯಿ ಒಬ್ಬರದು, ತರಕಾರಿ ಇನ್ನೊಬ್ಬರದು. ಆದರೆ ಒಂದು ಮಾತು ಹೇಳಲೇಬೇಕು. ಬಹುಮಾನ ತರುವ ನಾಲ್ಕು ಮಕ್ಕಳನ್ನೇ ಎಲ್ಲ ವಿಭಾಗಕ್ಕೂ ಇಳಿಸುವುದು, ಅಭ್ಯಾಸಕ್ಕೆಂದು ಅವರ ಪಾಠ ತಪ್ಪಿಸುವುದು, ಉಳಿದವರನ್ನು ಚಪ್ಪಾಳೆ ತಟ್ಟಲು ಕೂರಿಸುವುದು ಈ ಕಾರ್ಯಕ್ರಮದ ಉದ್ದೇಶಕ್ಕೇ ಮಾಡುವ ಅನ್ಯಾಯ. ಮಾತಾಡಲು ಹೆದರುವ ಹುಡುಗಿ ಶಾಲಾ ಮಟ್ಟದಲ್ಲಿ ಒಂದು ಕಥೆ ಪೂರ್ತಿ ಹೇಳಿ ಇಳಿದರೆ, ಅದು ಜಿಲ್ಲಾ ಮಟ್ಟದ ಪ್ರಶಸ್ತಿಗಿಂತ ಕಡಿಮೆಯಲ್ಲ.

ಉಡುಪಿ ಸೀಮೆಯ ಶಾಲೆಗಳನ್ನು ಉಳಿದ ಜಿಲ್ಲೆಗಳಿಂದ ಬೇರೆಯಾಗಿ ಗುರುತಿಸುವುದು ಯಕ್ಷಗಾನ. ಕೋಟ–ಸಾಲಿಗ್ರಾಮದ ಕಡೆ ಕಾರ್ಕಡ ಶ್ರೀನಿವಾಸ ಉಡುಪರು ಮತ್ತು ಎಚ್. ಶ್ರೀಧರ ಹಂದೆಯವರು 1970ರ ದಶಕದಲ್ಲಿ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳ, ಮಕ್ಕಳು ಇಡೀ ಪ್ರಸಂಗವನ್ನು ನಿಭಾಯಿಸಬಲ್ಲರೆಂದು ತೋರಿಸಿಕೊಟ್ಟಿತು. ಉಡುಪಿಯಲ್ಲಿ 1971ರಲ್ಲಿ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ, ಕೆ.ಎಸ್. ಹರಿದಾಸ ಭಟ್ಟರು ಮತ್ತು ಶಿವರಾಮ ಕಾರಂತರ ಮುತುವರ್ಜಿಯಿಂದ ಆರಂಭವಾದ ಯಕ್ಷಗಾನ ಕೇಂದ್ರ ಈಗ ಇಂದ್ರಾಳಿಯಲ್ಲಿದೆ. ಪ್ರೌಢಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಉಚಿತವಾಗಿ ತರಬೇತಿ ಕೊಡಿಸುತ್ತದೆ; ಕಲಿತ ಮಕ್ಕಳು ‘ಕಿಶೋರ ಯಕ್ಷಗಾನ ಸಂಭ್ರಮ’ದಲ್ಲಿ ವೇಷ ಕಟ್ಟುತ್ತಾರೆ. ಪ್ರಾಥಮಿಕ ಶಾಲೆಗಳಲ್ಲಿ ಊರಿನ ಹವ್ಯಾಸಿ ಕಲಾವಿದರೋ ಯಕ್ಷಗಾನ ಬಲ್ಲ ಮಾಸ್ತರರೋ ಸಂಜೆಯ ಹೊತ್ತು ಹೆಜ್ಜೆ ಹೇಳಿಕೊಡುವುದುಂಟು. ಯಕ್ಷಗಾನದ ಶೈಲಿಯಲ್ಲಿ ಉಡುಪಿಯಿಂದ ಬಡಗಕ್ಕೆ ಬಡಗುತಿಟ್ಟು, ಕಾರ್ಕಳದ ಕಡೆ ತೆಂಕುತಿಟ್ಟಿನ ಒಲವು.

ಯಕ್ಷಗಾನ ಕಲಿಕೆಯ ಲಾಭ ಕುಣಿತಕ್ಕಷ್ಟೇ ಸೀಮಿತವಲ್ಲ. ಇಲ್ಲಿನ ಮಗುವಿಗೆ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಗನ್ನಡ. ಪುಸ್ತಕದ ಕನ್ನಡ ಶಾಲೆಯಲ್ಲಿ ಮಾತ್ರ ಸಿಗುವ ಭಾಷೆ. ಓದಿ ಬರೆಯಲು ಬಂದರೂ ನಾಲಿಗೆಗೆ ಅದು ಹತ್ತುವುದು ನಿಧಾನ. ಯಕ್ಷಗಾನದ ಅರ್ಥಗಾರಿಕೆಯಲ್ಲಿ ಇಂಗ್ಲಿಷ್ ಪದಕ್ಕೆ ಜಾಗವಿಲ್ಲ, ಅಲ್ಪಪ್ರಾಣ ಮಹಾಪ್ರಾಣ ಜಾರುವಂತಿಲ್ಲ, ಎದುರು ವೇಷದ ಪ್ರಶ್ನೆಗೆ ಆ ಕ್ಷಣಕ್ಕೆ ಉತ್ತರ ಕೊಡಬೇಕು. ಅಭಿಮನ್ಯು, ಬಬ್ರುವಾಹನ, ಲವಕುಶರಂಥ ಪಾತ್ರಗಳು ಮಕ್ಕಳ ವಯಸ್ಸಿಗೇ ಹೊಂದುತ್ತವೆ. ತುಳು ಮನೆಮಾತಿನ ಹುಡುಗ ಕಿರೀಟ ಕಟ್ಟಿಕೊಂಡು ತಡೆಯಿಲ್ಲದೆ ಹತ್ತು ನಿಮಿಷ ಕನ್ನಡ ಆಡಿದನೆಂದರೆ, ಭಾಷಾ ಕಲಿಕೆಯಲ್ಲಿ ಅಂಕಪಟ್ಟಿ ತೋರಿಸಲಾರದ ಒಂದು ಮಜಲನ್ನು ಅವನು ದಾಟಿರುತ್ತಾನೆ. ಹೆಣ್ಣುಮಕ್ಕಳೂ ಈಗ ಇದೇ ರಂಗದಲ್ಲಿ ತರುಣ ವೀರರ ಪುಂಡುವೇಷಕ್ಕೆ ಇಳಿಯುತ್ತಾರೆ. ಇತ್ತ ಮನೆಮಾತನ್ನೂ ಶಾಲೆ ಪೂರ್ತಿ ಹೊರಗಿಟ್ಟಿಲ್ಲ. 2010-11ರಿಂದ ಉಡುಪಿ ಮತ್ತು ದಕ್ಷಿಣ ಕನ್ನಡದ ಶಾಲೆಗಳಲ್ಲಿ ಆರನೇ ತರಗತಿಯಿಂದ ತುಳುವನ್ನು ಐಚ್ಛಿಕ ತೃತೀಯ ಭಾಷೆಯಾಗಿ ಓದಲು ಅವಕಾಶವಿದೆ.

ಎರಡನೆಯ ಅವಧಿ ಬಿಸಿಲಿನದು, ಹೊರಗಿನ ಕೆಲಸದ್ದು. ಶಾಲೆಯ ಕೈತೋಟದಲ್ಲಿ ಬಸಳೆಯ ಚಪ್ಪರ, ತೊಂಡೆ, ಅಲಸಂಡೆ. ಕೊಯ್ದದ್ದು ಬಿಸಿಯೂಟದ ಸಾಂಬಾರಿಗೆ. ಕಾಪು ತಾಲೂಕಿನ ಮಟ್ಟು ಗ್ರಾಮದ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆ ಭಾಗದ ಮಕ್ಕಳಿಗೆ ಊರ ಬದನೆಯ ಕಥೆಯೇ ಭೂಗೋಳದ ಪಾಠವಾಗಬಲ್ಲದು. ಮೆಟ್ರಿಕ್ ಮೇಳದಲ್ಲಿ ಮಕ್ಕಳೇ ತರಕಾರಿ ತೂಗಿ ಮಾರಿ ಚಿಲ್ಲರೆ ಲೆಕ್ಕ ಮಾಡುತ್ತಾರೆ. ಪ್ರವಾಸಕ್ಕೆ ದೂರ ಹೋಗಬೇಕಾಗಿಲ್ಲ: 1901ರ ಕಾಪು ದೀಪಸ್ತಂಭ, 1432ರಲ್ಲಿ ನಿಂತ ಕಾರ್ಕಳದ 42 ಅಡಿಯ ಗೊಮ್ಮಟ, ಮಣಿಪಾಲದ ಅಂಗರಚನಾ ಸಂಗ್ರಹಾಲಯ ಎಲ್ಲವೂ ಒಂದು ದಿನದ ದಾರಿ.

ಈ ಅವಧಿಯ ದೊಡ್ಡ ಸಂಗತಿ ವಾರ್ಷಿಕೋತ್ಸವ. ಬೆಳಿಗ್ಗೆ ಧ್ವಜಾರೋಹಣ, ಸಂಜೆ ಸಭೆ, ದತ್ತಿ ಬಹುಮಾನ ವಿತರಣೆ, ಮಕ್ಕಳ ನೃತ್ಯ, ಯಕ್ಷಗಾನ, ಕೊನೆಗೆ ಹಳೆ ವಿದ್ಯಾರ್ಥಿಗಳ ತುಳು ನಾಟಕ. ತೀರಿಕೊಂಡ ತಂದೆಯ ಹೆಸರಿನಲ್ಲಿ ಮಗ ಇಟ್ಟ ಸಣ್ಣ ಮೊತ್ತದ ಬಡ್ಡಿಯಿಂದ ಗಣಿತದಲ್ಲಿ ಮೊದಲು ಬಂದ ಮಗುವಿಗೆ ಪ್ರತಿವರ್ಷ ಬಹುಮಾನ ಸಲ್ಲುತ್ತದೆ. ಮುಂಬಯಿಯ ಹೋಟೆಲಿನವರು, ಗಲ್ಫಿಗೆ ಹೋದವರು ಶಾಲೆಗೆ ಕೊಠಡಿಯನ್ನೋ ವಾಹನವನ್ನೋ ಕೊಡುವುದಾಗಿ ಹೇಳುವುದೂ ಇದೇ ವೇದಿಕೆಯಲ್ಲಿ. 2001ರಲ್ಲಿ ರಾಜ್ಯದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರೂಪುಗೊಂಡು ಪೋಷಕರ ಪಾಲಿಗೆ ಅಧಿಕೃತ ಸ್ಥಾನ ಬಂತು. ಕರಾವಳಿಯಲ್ಲಿ ಆ ಪಾಲು ಹಳೆ ವಿದ್ಯಾರ್ಥಿ ಸಂಘಗಳ ಮೂಲಕ ಅದಕ್ಕೂ ಮೊದಲೇ ಇತ್ತು.

ಇಷ್ಟೆಲ್ಲ ಇದ್ದೂ ಅನೇಕ ಕನ್ನಡ ಶಾಲೆಗಳ ಹಾಜರಿ ಪಟ್ಟಿ ಕಿರಿದಾಗುತ್ತಿದೆ. ಹಳದಿ ಬಸ್ಸು ಮನೆ ಬಾಗಿಲಿಗೇ ಬರುತ್ತದೆ, ಇಂಗ್ಲಿಷ್ ಮಾಧ್ಯಮದ ಸೆಳೆತ ದೊಡ್ಡದು. ಶತಮಾನ ಕಂಡ ಶಾಲೆಯ ಅದ್ದೂರಿ ಉತ್ಸವಕ್ಕೆ ಬಂದವರು ತಮ್ಮ ಮಕ್ಕಳನ್ನು ಬೇರೆಡೆ ಸೇರಿಸಿರುತ್ತಾರೆ. ಕಟ್ಟಡಕ್ಕೆ ಹಣ ಕೊಡುವವರಿಗೆ ಇಲ್ಲಿ ಕೊರತೆಯಿಲ್ಲ. ವಾರಕ್ಕೆ ಒಂದು ಗಂಟೆ ಬಂದು ತಾಳ ಹೇಳಿಕೊಡುವವರು, ಕಥೆ ಓದುವವರು, ತೋಟಕ್ಕೆ ನೀರು ಬಿಡುವವರು ಬೇಕಾಗಿದ್ದಾರೆ.

ಏಪ್ರಿಲ್ 10ರಂದು ಫಲಿತಾಂಶ ಹೇಳಿದ ಮೇಲೆ ಕೊನೆಯ ತರಗತಿಯ ಮಕ್ಕಳು ಟೀಚರ ಕಾಲಿಗೆ ಬಿದ್ದು ಹೊರಡುತ್ತಾರೆ. ಮುಖ್ಯಶಿಕ್ಷಕರು ವರ್ಗಾವಣೆ ಪತ್ರಗಳಿಗೆ ಸಹಿ ಹಾಕುತ್ತಾರೆ. ದೊಡ್ಡ ರಜೆ ಶುರುವಾಗುತ್ತದೆ. ಆ ಬೆಳಿಗ್ಗೆ ಶಾಲೆಯ ಗೋಡೆಗಳ ಮೇಲೆ ಮಕ್ಕಳು ವರ್ಷವಿಡೀ ಮಾಡಿದ ಕೆಲಸ ನೇತಾಡುತ್ತಿರುತ್ತದೆ. ಅದನ್ನು ನೋಡಲು ಪೋಷಕರೇ ಆಗಿರಬೇಕೆಂದಿಲ್ಲ. ಓದುವ ಮಕ್ಕಳಿಲ್ಲದ ಮನೆಯವರೂ ಆ ದಿನ ತಮ್ಮೂರ ಶಾಲೆಗೆ ಒಮ್ಮೆ ಹೋಗಿ ಬರಲಿ.