ಗಿಡ್ಡ ಭತ್ತದ ವಂಶವಾಹಿಯನ್ನು ಕತ್ತರಿಸಿದವರಾರು?

ಹಸಿರು ಕ್ರಾಂತಿಯ ಗಿಡ್ಡ ಭತ್ತಗಳು ಪ್ರಯೋಗಶಾಲೆಯಲ್ಲಿ ವಂಶವಾಹಿಗಳನ್ನು ಕತ್ತರಿಸಿ ಬೆಸೆದು ನಿರ್ಮಿಸಿದ ಕೃತಕ ಸೃಷ್ಟಿಗಳೆಂಬ ನಂಬಿಕೆಯು ವಿದ್ಯಾವಂತರಲ್ಲಿಯೂ ಉಂಟು. ಆದರೆ ಫಿಲಿಪ್ಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು 1966ರಲ್ಲಿ ಐಆರ್‌8 ತಳಿಯನ್ನು ರೈತರ ಕೈಗಿತ್ತಾಗ ಅಂತಹ ತಂತ್ರವೇ ಜನ್ಮ ತಾಳಿರಲಿಲ್ಲ. ಇಂಡೋನೇಷ್ಯಾದ ಎತ್ತರದ ಪೇಟ ತಳಿಗೂ ತೈವಾನಿನ ಗಿಡ್ಡ ಡೀ-ಜಿಯೋ-ವೂ-ಜೆನ್ ತಳಿಗೂ ಪರಾಗಸ್ಪರ್ಶ ಮಾಡಿಸಿ ಪಡೆದ ಸಂಕರದ ಸಂತತಿಯದು.

ಕತ್ತರಿಸುವ ಬೆಸೆಯುವ ಕಾರ್ಯವಾದರೋ ಮನುಷ್ಯನಿಗಿಂತ ಬಹು ಪುರಾತನವಾದುದು. ಸಸ್ಯದ ಕೋಶಕೇಂದ್ರದಲ್ಲಿ ವಂಶವಾಹಿಯ ಆರ್‌ಎನ್‌ಎ ಪ್ರತಿಯು ಸಿದ್ಧವಾದೊಡನೆ, ಅದರಲ್ಲಿ ನಡುನಡುವೆ ಬರುವ ಅನಗತ್ಯ ಖಂಡಗಳನ್ನು ಕೋಶವೇ ತೆಗೆದುಹಾಕಿ, ಉಳಿದವನ್ನು ಒಂದಕ್ಕೊಂದು ಹೊಂದಿಸಿ, ಪ್ರೋಟೀನಿನ ನಿರ್ಮಾಣಕ್ಕೆ ಯೋಗ್ಯವಾದ ಸಂದೇಶವನ್ನಾಗಿ ಮಾಡುತ್ತದೆ. ಒಂದು ವಂಶವಾಹಿಗೆ ಒಂದೇ ಪ್ರೋಟೀನೆಂಬ ಹಳೆಯ ಪಾಠವೂ ಇಲ್ಲಿಯೇ ಸಡಿಲಗೊಳ್ಳುತ್ತದೆ: ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನಿನ ಆಣತಿಯನ್ನು ನೆರವೇರಿಸುವ ಎಬಿಐ5 ವಂಶವಾಹಿಯಿಂದ, ಜೋಡಣೆಯ ಕ್ರಮ ಬೇರೆಯಾದಂತೆ, ಭತ್ತದಲ್ಲಿ ಒಂದಕ್ಕಿಂತ ಹೆಚ್ಚು ರೂಪಗಳು ಮೂಡುತ್ತವೆ.

ಗಿಡ್ಡತನದ ಮರ್ಮವು 2002ರಲ್ಲಿ ಬಯಲಾಯಿತು. ಗಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನನ್ನು ಸಿದ್ಧಪಡಿಸುವ ಕಿಣ್ವವೊಂದರ ವಂಶವಾಹಿಯಲ್ಲಿ, ಎಂದೋ ಪ್ರಕೃತಿಯಲ್ಲಿಯೇ, ಡಿಎನ್‌ಎಯ 383 ಅಕ್ಷರಗಳು ಲುಪ್ತವಾಗಿದ್ದುವು. ಕತ್ತರಿಸಿ ತೆಗೆಯಬೇಕಾದ ಖಂಡವೊಂದರ ಜೊತೆಗೆ ಅದರ ಎರಡೂ ಪಕ್ಕದ ಸಾರ್ಥಕ ಭಾಗಗಳೂ ಹೋದುದರಿಂದ ಉಳಿದ ಸಂದೇಶದ ಓದು ದಾರಿತಪ್ಪಿ ನಡುವೆಯೇ ನಿಂತುಹೋಗುವುದು, ಕಿಣ್ವವು ನಿಷ್ಕ್ರಿಯವಾಗುವುದು, ಕಾಂಡಕ್ಕೆ ಹಾರ್ಮೋನು ಕಡಿಮೆಯಾಗಿ ಅದು ಗಿಡ್ಡವಾಗುವುದು.

ಹಾರ್ಮೋನು ಹೆಚ್ಚಿದಷ್ಟೂ ಫಸಲು ಹೆಚ್ಚುವುದೆಂಬ ಎಣಿಕೆಯಂತೂ ಅಪಾಯಕರವಾದುದು. ಭತ್ತದ ಸಸಿಗಳನ್ನು ವಿಪರೀತ ಎತ್ತರಕ್ಕೆ ಎಳೆದು ಬಿಳಿಚಿಸಿ ಸಾಯಿಸುವ ಶಿಲೀಂಧ್ರರೋಗವನ್ನು ಪರೀಕ್ಷಿಸುತ್ತಿದ್ದ ವಿಜ್ಞಾನಿ ಕುರೊಸಾವಾ, ಆ ಶಿಲೀಂಧ್ರವು ಸ್ರವಿಸುವ ಪದಾರ್ಥವೇ ಇದಕ್ಕೆ ಕಾರಣವೆಂದು ತೈವಾನಿನಲ್ಲಿ 1926ರಷ್ಟು ಹಿಂದೆಯೇ ತೋರಿಸಿದರು. ಆ ಪದಾರ್ಥವೇ ಗಿಬ್ಬರೆಲಿನ್. ಎತ್ತರದ ತಳಿಗಳಿಗೆ ಸಾರಜನಕದ ಗೊಬ್ಬರವನ್ನು ಧಾರಾಳವಾಗಿ ಕೊಟ್ಟರೆ ಪೈರು ತೆನೆಯ ಭಾರಕ್ಕೆ ನೆಲಕ್ಕೊರಗಿ ಕಾಳು ಹಾಳಾಗುತ್ತಿದ್ದುದೂ ರೈತರ ಅನುಭವವೇ ಆಗಿತ್ತು. ಗಿಡ್ಡ ತಳಿಯು ಅದೇ ಗೊಬ್ಬರವನ್ನುಂಡು ನೆಟ್ಟಗೆ ನಿಂತಿತು.

ಹಾಗಾದರೆ ಹಾರ್ಮೋನಿನ ಈ ಕೊರತೆಯಿಂದ ತೆನೆಯೂ ಸೊರಗಬೇಡವೇ? ಸೊರಗದು, ಏಕೆಂದರೆ ಹೂವಿನ ಭಾಗಗಳಲ್ಲಿ ಅದೇ ಕೆಲಸವನ್ನು ಮಾಡುವ ಸೋದರ ವಂಶವಾಹಿಯೊಂದು ಅಕ್ಷತವಾಗಿಯೇ ಉಳಿದಿದೆ.