ಮರಳು ದಡದ ದೋಣಿಗೆ ಟ್ರ್ಯಾಕ್ಟರ್ ನೆರವು

ಚೆನ್ನೈ ನಗರದ ದಕ್ಷಿಣ ಭಾಗದಲ್ಲಿ ಅಡ್ಯಾರ್ ನದಿಯು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನದೀಮುಖದ ಬಳಿಯ ಮರಳ ದಡದಲ್ಲಿ ಊರೂರ್ ಕುಪ್ಪಂ ಹಾಗೂ ಆಲ್ಕಾಟ್ ಕುಪ್ಪಂ ಎಂಬ ಮೀನುಗಾರರ ನೆಲೆಗಳಿವೆ. ‘ಕುಪ್ಪಂ’ ಎಂದರೆ ತಮಿಳಿನಲ್ಲಿ ಮೀನುಗಾರರ ಹಳ್ಳಿ. ಇಂತಹ ಹಳ್ಳಿಗಳ ದೋಣಿಗಳಿಗೆ ಬಂದರಿನ ಆಶ್ರಯವಿಲ್ಲ, ಕಟ್ಟಿ ನಿಲ್ಲಿಸಲು ಧಕ್ಕೆಯೂ ಇಲ್ಲ. ಬೆಳಗಿನ ಜಾವ ದೋಣಿಯನ್ನು ಮರಳ ಮೇಲಿನಿಂದಲೇ ಅಲೆಗಳೊಳಗೆ ಇಳಿಸಬೇಕು. ಮೀನು ಹಿಡಿದು ಮರಳಿದ ಮೇಲೆ ಅಲೆ ಮುಟ್ಟದ ಎತ್ತರಕ್ಕೆ ಎಳೆದು ತರಬೇಕು. ಈ ಇಳಿಸುವ, ಏರಿಸುವ ಕೆಲಸವು ಮೀನುಗಾರಿಕೆಯಷ್ಟೇ ಶ್ರಮದ್ದು, ಕೆಲವೊಮ್ಮೆ ಅದಕ್ಕಿಂತಲೂ ಅಪಾಯದ್ದು. ಹಿಂದೆ ಹತ್ತಾರು ಹೆಗಲುಗಳು ಮಾಡುತ್ತಿದ್ದ ಈ ಕೆಲಸಕ್ಕೆ ಈಚಿನ ದಶಕಗಳಲ್ಲಿ ಕೃಷಿಯ ಟ್ರ್ಯಾಕ್ಟರು ನೆರವಾಗುತ್ತಿದೆ. ಹೊಲದ ಈ ಯಂತ್ರವು ಕಡಲ ದಡದಲ್ಲಿ ಹೇಗೆ ಕೆಲಸ ಮಾಡುತ್ತದೆ, ಅದನ್ನು ಬಳಸುವಾಗ ಯಾವ ಎಚ್ಚರ ವಹಿಸಬೇಕು ಎಂಬುದನ್ನು ತಿಳಿಯುವುದು ಉಪಯುಕ್ತ.

ಕಟ್ಟುಮರದಿಂದ ಫೈಬರ್ ದೋಣಿಗೆ

ಕೋರಮಂಡಲ ಕರಾವಳಿಯ ವಿಶೇಷವೆಂದರೆ ದಡದ ಸಮೀಪದಲ್ಲಿಯೇ ಅಲೆಗಳು ಎದ್ದು ಒಡೆಯುವುದು. ಮದ್ರಾಸಿನಲ್ಲಿ ಬಂದರು ನಿರ್ಮಾಣವಾಗುವ ಮುನ್ನ ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಪ್ರಯಾಣಿಕರನ್ನೂ ಸರಕನ್ನೂ ಮಸೂಲಾ ಎಂಬ ದೋಣಿಗಳಲ್ಲಿ ದಡಕ್ಕೆ ತರಲಾಗುತ್ತಿತ್ತು. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಮಾಡಿದ ಈ ದೋಣಿ ಅಲೆಯ ಹೊಡೆತಕ್ಕೆ ಬಾಗುತ್ತಿತ್ತೇ ಹೊರತು ಸುಲಭವಾಗಿ ಒಡೆಯುತ್ತಿರಲಿಲ್ಲ. ನಿರ್ಮಾಣದಲ್ಲಿದ್ದ ಬಂದರಿನ ತಡೆಗೋಡೆಗಳನ್ನೇ 1881ರ ಚಂಡಮಾರುತವು ಕೆಡವಿತೆಂದರೆ ಈ ಕಡಲಿನ ಶಕ್ತಿಯನ್ನು ಊಹಿಸಬಹುದು. ಅಡ್ಯಾರ್ ಸಮೀಪದ ಎಲಿಯಟ್ಸ್ ಬೀಚಿನಲ್ಲಿರುವ ಬಿಳಿಯ ಕಮಾನು ಕೂಡ, 1930ರಲ್ಲಿ ಅಲೆಗಳಿಗೆ ಸಿಕ್ಕವರನ್ನು ಉಳಿಸಲು ಹೋಗಿ ಪ್ರಾಣ ತೆತ್ತ ಡೆನ್ಮಾರ್ಕಿನ ನಾವಿಕನೊಬ್ಬನ ಸ್ಮಾರಕವಾಗಿದೆ.

ಇಂತಹ ದಡಕ್ಕೆ ಮೀನುಗಾರರು ಕಂಡುಕೊಂಡ ಉತ್ತರವೇ ಕಟ್ಟುಮರ. ಹಗುರವಾದ ಮರದ ದಿಮ್ಮಿಗಳನ್ನು ಹಗ್ಗದಿಂದ ಜೋಡಿಸಿ ಕಟ್ಟಿದ ಈ ತೆಪ್ಪ ಮುಳುಗುವುದಿಲ್ಲ. ದಡಕ್ಕೆ ಬಂದ ಮೇಲೆ ಕಟ್ಟು ಬಿಚ್ಚಿ, ದಿಮ್ಮಿಗಳನ್ನು ಒಂದೊಂದಾಗಿ ಹೊತ್ತು ಒಣಗಲು ಇಡಬಹುದು. ಕರ್ನಾಟಕದ ನದಿಗಳಲ್ಲಿ ಹರಿಗೋಲನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ನಡೆಯುವಂತೆಯೇ ಇದೂ ಸಹ. ಎರಡರಲ್ಲೂ ತೇಲುವ ಸಾಧನದ ತೂಕವು ಮನುಷ್ಯನ ಶಕ್ತಿಯ ಮಿತಿಯೊಳಗಿದೆ.

1979ರಲ್ಲಿ ಮದ್ರಾಸನ್ನು ಕೇಂದ್ರವಾಗಿಸಿಕೊಂಡು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ‘ಬಂಗಾಳ ಕೊಲ್ಲಿ ಕಾರ್ಯಕ್ರಮ’ ಆರಂಭವಾಯಿತು. ಬಂದರಿಲ್ಲದ ದಡಗಳಿಗೆ ಹೊಂದುವ ಎಂಜಿನ್ ದೋಣಿಗಳನ್ನು ರೂಪಿಸುವುದು ಅದರ ಕೆಲಸಗಳಲ್ಲಿ ಒಂದಾಗಿತ್ತು. ಮರಳು ತಾಗುವ ಮುನ್ನ ಪ್ರೊಪೆಲ್ಲರನ್ನು ಮೇಲೆತ್ತಿಕೊಳ್ಳುವ ವ್ಯವಸ್ಥೆಯ ಮೇಲೆ 1980ರ ದಶಕದಲ್ಲಿ ಪ್ರಯೋಗಗಳು ನಡೆದವು. ಮುಂದೆ, 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕಟ್ಟುಮರಗಳು ಅಪಾರ ಸಂಖ್ಯೆಯಲ್ಲಿ ನಾಶವಾದವು. ಪರಿಹಾರದ ರೂಪದಲ್ಲಿ ಬಂದವು ಹೆಚ್ಚಾಗಿ ಫೈಬರ್ ದೋಣಿಗಳು. ಇವು ವೇಗವಾಗಿ, ದೂರಕ್ಕೆ ಹೋಗಬಲ್ಲವು. ಆದರೆ ಇವುಗಳ ಕಟ್ಟು ಬಿಚ್ಚಲಾಗದು; ಭುಜದ ಮೇಲೆ ಹೊರಲಾಗದು. ದೋಣಿ ಬದಲಾಯಿತು, ದಡ ಮಾತ್ರ ಹಾಗೆಯೇ ಉಳಿಯಿತು. ಟ್ರ್ಯಾಕ್ಟರಿನ ಅಗತ್ಯ ಹುಟ್ಟಿದ್ದು ಇಲ್ಲಿಯೇ.

ಎಳೆಯಲು ಬೇಕಾದ ಬಲ ಎಷ್ಟು?

ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ದೋಣಿ, ಎಂಜಿನ್, ಒದ್ದೆ ಬಲೆ, ಮೀನು ಎಲ್ಲವೂ ಸೇರಿ 1,200 ಕಿ.ಗ್ರಾಂ. ತೂಗುತ್ತವೆ ಎಂದಿಟ್ಟುಕೊಳ್ಳೋಣ. ಮರಳಿನ ಘರ್ಷಣೆಯನ್ನು ಮೀರಿ ದೋಣಿಯನ್ನು ಜಾರಿಸಲು ಅದರ ತೂಕದ ಅರ್ಧದಷ್ಟು, ಎಂದರೆ 600 ಕಿ.ಗ್ರಾಂ. ಭಾರವನ್ನು ಎತ್ತುವಷ್ಟು ಬಲ ಬೇಕೆಂದು ಲೆಕ್ಕಕ್ಕಾಗಿ ಹಿಡಿಯಬಹುದು. ದಡವು ಹತ್ತು ಅಡಿಗೆ ಒಂದು ಅಡಿಯಂತೆ ಏರುತ್ತಿದ್ದರೆ ಇನ್ನೂ 120 ಕಿ.ಗ್ರಾಂ. ಕೂಡುತ್ತದೆ. ಒಟ್ಟು 720 ಕಿ.ಗ್ರಾಂ. ಒಬ್ಬ ಮನುಷ್ಯ ಮರಳಿನಲ್ಲಿ ಕಾಲೂರಿ 30 ಕಿ.ಗ್ರಾಂ. ಬಲದಿಂದ ಎಳೆಯಬಲ್ಲನೆಂದರೂ 24 ಜನ ಒಟ್ಟಿಗೆ ಕೈಹಾಕಬೇಕು. ಇಂತಹ ದೋಣಿಯಲ್ಲಿ ಕಡಲಿಗೆ ಹೋಗುವವರಾದರೋ ಮೂರು ಅಥವಾ ನಾಲ್ಕು ಮಂದಿ. ಉಳಿದವರು ದಡದಿಂದಲೇ ಬರಬೇಕು. ಯುವಕರು ನಗರದ ಬೇರೆ ಉದ್ಯೋಗಗಳಿಗೆ ಹೋಗುತ್ತಿರುವಾಗ ಅಷ್ಟು ಕೈಗಳು ಸಕಾಲದಲ್ಲಿ ಒದಗುವುದು ಕಷ್ಟ. ದಡದ ಅಂಚಿನಲ್ಲಿ ಕಾಯುತ್ತ ನಿಂತ ದೋಣಿಯನ್ನು ಅಲೆಯು ಅಡ್ಡಲಾಗಿ ತಿರುಗಿಸಿ, ನೀರು ತುಂಬಿಸಿ, ಮಗುಚಿಬಿಡಬಹುದು.

ಹಾಗೆಂದು ಟ್ರ್ಯಾಕ್ಟರಿನ ಶಕ್ತಿ ಮಿತಿಯಿಲ್ಲದ್ದಲ್ಲ. ಸುಮಾರು 40 ಅಶ್ವಶಕ್ತಿಯ ಟ್ರ್ಯಾಕ್ಟರು 2 ಟನ್ನಿನಷ್ಟು ತೂಗುತ್ತದೆ. ಗಟ್ಟಿ ನೆಲದಲ್ಲಿ ಅದು ಮೇಲಿನ ದೋಣಿಯನ್ನು ಸರಾಗವಾಗಿ ಎಳೆದೀತು. ಆದರೆ ಒಣಗಿದ ಸಡಿಲ ಮರಳಿನಲ್ಲಿ ಚಕ್ರದ ಹಿಡಿತ ಬಹಳ ಕುಗ್ಗುತ್ತದೆ. ಹಿಡಿತವು ತೂಕದ ಮೂರರಲ್ಲೊಂದು ಭಾಗಕ್ಕೆ ಇಳಿದರೆ ಎಳೆಯುವ ಬಲ 700 ಕಿ.ಗ್ರಾಂ.ಗಿಂತಲೂ ಕಡಿಮೆಯಾಯಿತು. ಅದರಲ್ಲಿಯೂ ಟ್ರ್ಯಾಕ್ಟರು ತಾನೇ ಇಳಿಜಾರನ್ನು ಏರಬೇಕಾದರೆ 200 ಕಿ.ಗ್ರಾಂ. ಅದಕ್ಕೇ ವ್ಯಯವಾಗುತ್ತದೆ. ಆದ್ದರಿಂದ ಎಂಜಿನ್ನಿನ ಅಶ್ವಶಕ್ತಿಗಿಂತ ಚಕ್ರದ ಕೆಳಗಿನ ಮರಳೇ ಕೆಲಸವನ್ನು ನಿರ್ಧರಿಸುತ್ತದೆ. ಎಂಜಿನ್ ಅಬ್ಬರಿಸಿದರೂ ಚಕ್ರ ಗುಂಡಿ ತೋಡುತ್ತ ನಿಂತಲ್ಲೇ ತಿರುಗುವುದು ಇದೇ ಕಾರಣಕ್ಕೆ.

ಇದಕ್ಕೆ ಪರಿಹಾರಗಳು ಸರಳ. ಮೊದಲನೆಯದು, ಟ್ರ್ಯಾಕ್ಟರನ್ನು ದಡದ ಮೇಲ್ಭಾಗದ ಸಮತಟ್ಟಾದ ಗಟ್ಟಿ ನೆಲದಲ್ಲಿ ಇರಿಸಿ, ಉದ್ದನೆಯ ಹಗ್ಗದಿಂದ ಎಳೆಯುವುದು. ಎರಡನೆಯದು, ದೋಣಿಯ ಅಡಿಗೆ ಉರುಳೆಗಳನ್ನು ಕೊಡುವುದು. ಹಲಗೆಯ ಮೇಲೆ ಉರುಳುವ ದುಂಡನೆಯ ಮರದ ತುಂಡುಗಳು ಜಾರುವ ಘರ್ಷಣೆಯನ್ನು ಉರುಳುವ ಘರ್ಷಣೆಯನ್ನಾಗಿ ಮಾಡಿ ಹೊರೆಯನ್ನು ಬಹಳಷ್ಟು ತಗ್ಗಿಸುತ್ತವೆ. ಫೈಬರ್ ತಳ ಸವೆಯುವುದನ್ನೂ ತಪ್ಪಿಸುತ್ತವೆ. ಮೂರನೆಯದು, ಎಂಜಿನ್, ಬಲೆ ಮತ್ತು ಮೀನನ್ನು ಮೊದಲೇ ಇಳಿಸಿಕೊಂಡು ದೋಣಿಯನ್ನು ಹಗುರಗೊಳಿಸುವುದು.

ಇಳಿಸುವ ಮತ್ತು ಏರಿಸುವ ಕ್ರಮ

ದೋಣಿಯನ್ನು ಇಳಿಸುವಾಗ ಅದರ ಮೂತಿ ಕಡಲಿನತ್ತ ನೇರವಾಗಿರಬೇಕು. ಟ್ರ್ಯಾಕ್ಟರು ಹಿಂದಿನಿಂದ ನಿಧಾನವಾಗಿ ತಳ್ಳುವುದಾದರೆ ನಡುವೆ ಹಳೆಯ ಟೈರು ಅಥವಾ ದಪ್ಪ ಮರದ ಅಡ್ಡಪಟ್ಟಿ ಇರುವುದು ಅಗತ್ಯ. ಇಲ್ಲವಾದರೆ ಫೈಬರ್ ಬಿರುಕು ಬಿಡುತ್ತದೆ. ಅಲೆಗಳು ಸಾಮಾನ್ಯವಾಗಿ ಗುಂಪುಗುಂಪಾಗಿ ಬರುತ್ತವೆ. ದೊಡ್ಡ ಅಲೆಗಳ ಗುಂಪು ಒಡೆದು ಹೋದ ಮೇಲಿನ ಬಿಡುವನ್ನು ಅನುಭವಿ ಮೀನುಗಾರನು ಗುರುತಿಸಿ ಸನ್ನೆ ಮಾಡುತ್ತಾನೆ. ಯಂತ್ರ ಬಂದ ಮಾತ್ರಕ್ಕೆ ಈ ತಿಳಿವಳಿಕೆಯ ಬೆಲೆ ಕಡಿಮೆಯಾಗಿಲ್ಲ. ದೋಣಿ ತೇಲಿದೊಡನೆ ಟ್ರ್ಯಾಕ್ಟರು ಹಿಂದೆ ಸರಿಯಬೇಕು. ನಿಂತ ಚಕ್ರದ ಸುತ್ತಲಿನ ಮರಳನ್ನು ಹಿಂದಿರುಗುವ ನೀರು ಕೊಚ್ಚಿಕೊಂಡು ಹೋಗುವುದರಿಂದ ಯಂತ್ರವು ಕ್ಷಣದಲ್ಲಿ ಹೂತುಹೋಗುತ್ತದೆ.

ಮರಳುವಾಗ ಪ್ರೊಪೆಲ್ಲರನ್ನು ಮೇಲೆತ್ತಿ, ಅಲೆಯ ಜೊತೆಯಲ್ಲಿಯೇ ದಡಕ್ಕೆ ಬರಬೇಕು. ಹಗ್ಗವನ್ನು ಮೊದಲೇ ಬಿಚ್ಚಿ ಸಿದ್ಧವಾಗಿಟ್ಟುಕೊಂಡು, ಮೂತಿಯಲ್ಲಿರುವ ಬಲವಾದ ಕೊಂಡಿಗೆ ಕಟ್ಟಬೇಕು. ಚಾಲಕನು ಕೆಳಗಿನ ಗೇರಿನಲ್ಲಿ, ಜಗ್ಗದೆ, ಹಗ್ಗವನ್ನು ಮೆಲ್ಲನೆ ಬಿಗಿಗೊಳಿಸಿ ನಂತರವೇ ಎಳೆಯಬೇಕು.

ಅಪಾಯವಿರುವುದು ಹಗ್ಗದಲ್ಲಿ

ಹೆಗಲಿನಿಂದ ಎಳೆಯುವ ಕಾಲದಲ್ಲಿ ಹಗ್ಗ ಹರಿದರೆ ಜನ ಮುಗ್ಗರಿಸಿ ಬೀಳುತ್ತಿದ್ದರು, ಅಷ್ಟೆ. ಯಂತ್ರದ ಬಲಕ್ಕೆ ಬಿಗಿದ ಹಗ್ಗದ ವಿಷಯ ಬೇರೆ. ನೈಲಾನ್ ಹಗ್ಗವು ರಬ್ಬರಿನಂತೆ ಹಿಗ್ಗಿ ಶಕ್ತಿಯನ್ನು ತನ್ನಲ್ಲಿ ತುಂಬಿಕೊಳ್ಳುತ್ತದೆ. ಹರಿದಾಗ ಚಾಟಿಯಂತೆ ಹಿಂದಕ್ಕೆ ಹಾರುತ್ತದೆ. ಅದರ ತುದಿಯಲ್ಲಿ ಕಬ್ಬಿಣದ ಕೊಕ್ಕೆಯಿದ್ದರೆ ಪ್ರಾಣಕ್ಕೇ ಕುತ್ತು. ಆದ್ದರಿಂದ ಎಳೆಯುವಾಗ ಹಗ್ಗದ ಸಾಲಿನಲ್ಲಾಗಲಿ, ಅದರ ಎರಡೂ ಬದಿಗಳಲ್ಲಾಗಲಿ ಯಾರೂ ನಿಲ್ಲಬಾರದು, ಹಗ್ಗವನ್ನು ದಾಟಲೂಬಾರದು. ನೋಡಲು ನೆರೆಯುವ ಮಕ್ಕಳನ್ನು ದೂರವಿಡುವ ಹೊಣೆಯನ್ನು ಒಬ್ಬರಿಗೆ ವಹಿಸುವುದು ಲೇಸು. ಎಳೆ ಬಿಚ್ಚಿದ, ಬಿಸಿಲಿಗೆ ಬಣ್ಣಗೆಟ್ಟ ಹಗ್ಗವನ್ನು ಗಂಟುಹಾಕಿ ಮತ್ತೆ ಬಳಸುವುದು ಉಳಿತಾಯವಲ್ಲ.

ಎರಡನೆಯ ಅಪಾಯವು ಟ್ರ್ಯಾಕ್ಟರಿನದೇ. ಹಗ್ಗವನ್ನು ಸದಾ ಹಿಂಬದಿಯ ಕೆಳಗಿನ ಎಳೆಪಟ್ಟಿಗೆ ಮಾತ್ರ ಕಟ್ಟಬೇಕು. ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿದರೆ, ಹೊರೆ ಕದಲದಿದ್ದಾಗ ಟ್ರ್ಯಾಕ್ಟರಿನ ಮುಂಭಾಗವೇ ಮೇಲೆದ್ದು, ಚಾಲಕನ ಮೇಲೆ ಹಿಮ್ಮುಖವಾಗಿ ಮಗುಚಬಹುದು. ಇದು ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಯುತ್ತದೆ. ಚಾಲಕನಿಗೆ ಸನ್ನೆ ಕೊಡುವವನು ಒಬ್ಬನೇ ಇರಬೇಕು. ಹಲವರ ಕೂಗು ಅಲೆಯ ಸದ್ದಿನಲ್ಲಿ ಗೊಂದಲವನ್ನಷ್ಟೇ ಉಂಟುಮಾಡುತ್ತದೆ.

ಉಪ್ಪುನೀರು ಯಂತ್ರದ ಶತ್ರು. ಪ್ರತಿದಿನದ ಕೆಲಸದ ನಂತರ ಚಕ್ರ, ಬ್ರೇಕು ಮತ್ತು ಕೆಳಭಾಗಗಳನ್ನು ಸಿಹಿನೀರಿನಿಂದ ತೊಳೆದು ಕೀಲುಗಳಿಗೆ ಗ್ರೀಸ್ ಹಾಕಿದರೆ ಟ್ರ್ಯಾಕ್ಟರಿನ ಆಯುಷ್ಯ ಹೆಚ್ಚುತ್ತದೆ.

ಚಂಡಮಾರುತದ ದಿನಗಳಲ್ಲಿ

ಟ್ರ್ಯಾಕ್ಟರಿನ ನಿಜವಾದ ಪ್ರಯೋಜನ ತಿಳಿಯುವುದು ಬಿರುಗಾಳಿಯ ಮುನ್ನಾದಿನ. 2016ರ ಡಿಸೆಂಬರಿನಲ್ಲಿ ವಾರ್ದಾ, 2022ರ ಡಿಸೆಂಬರಿನಲ್ಲಿ ಮಾಂಡೂಸ್, 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತಗಳು ಚೆನ್ನೈ ಕರಾವಳಿಯನ್ನು ಬಾಧಿಸಿದವು. ಭಾರತ ಹವಾಮಾನ ಇಲಾಖೆಯ ಮುನ್ಸೂಚನೆಗಳೂ, ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದ ಅಲೆಗಳ ಮುನ್ನೆಚ್ಚರಿಕೆಗಳೂ ಇಂದು ಮೀನುಗಾರರಿಗೆ ಮುಂಚಿತವಾಗಿಯೇ ತಲುಪುತ್ತವೆ. ಆದರೆ ಎಚ್ಚರಿಕೆ ಬಂದ ಮೇಲೆ ದಡದ ಎಲ್ಲ ದೋಣಿಗಳನ್ನೂ ಒಂದೇ ಹಗಲಿನಲ್ಲಿ ಎತ್ತರಕ್ಕೆ ಸಾಗಿಸಬೇಕು. 24 ಜನರ ಒಂದು ತಂಡ ಎಷ್ಟು ದೋಣಿಗಳನ್ನು ಎಳೆಯಬಲ್ಲದು? ಕಡಲು ಕೊಂಡೊಯ್ದ ಒಂದು ದೋಣಿಯೊಂದಿಗೆ ಮೂರು ನಾಲ್ಕು ಕುಟುಂಬಗಳ ದುಡಿಮೆ ಹೋಗುತ್ತದೆ. ಆದ್ದರಿಂದ ಹಳ್ಳಿಗೊಂದು ಟ್ರ್ಯಾಕ್ಟರು ಸಮುದಾಯದ ಅಥವಾ ಸಹಕಾರ ಸಂಘದ ಆಸ್ತಿಯಾಗಿರುವುದೂ, ಬಿರುಗಾಳಿಯ ದಿನ ಯಾರ ದೋಣಿ ಮೊದಲು ಎಂಬ ಸರದಿಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದೂ ಹಿತಕರ. ಹಣ ಕೊಡಬಲ್ಲವರ ದೋಣಿಗಳಷ್ಟೇ ಮೇಲೇರಿ, ಉಳಿದವು ಅಲೆಗೆ ಸಿಗುವಂತಾಗಬಾರದು. ಕಡಲಿನಲ್ಲಿ ತೊಂದರೆಗೆ ಸಿಕ್ಕವರು ಕರಾವಳಿ ರಕ್ಷಣಾ ಪಡೆಯನ್ನು 1554 ಸಂಖ್ಯೆಯಲ್ಲಿ ಸಂಪರ್ಕಿಸಬಹುದು.

ದಡವು ಮನುಷ್ಯರದಷ್ಟೇ ಅಲ್ಲ

ವರ್ಷದ ಮೊದಲ ತಿಂಗಳುಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಇದೇ ದಡಕ್ಕೆ ರಾತ್ರಿಯ ವೇಳೆ ಬಂದು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಒಂದೊಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆಗಳಿರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ಆಮೆಗಳಿಗೆ ಅತ್ಯುನ್ನತ ರಕ್ಷಣೆ ನೀಡಿದೆ. ಭಾರವಾದ ಚಕ್ರಗಳು ಮರಳನ್ನು ಒತ್ತಿ ಗೂಡನ್ನು ಹಾಳುಮಾಡಬಹುದು. ಆಳವಾದ ಚಕ್ರದ ಜಾಡಿನಲ್ಲಿ ಬಿದ್ದ ಮರಿಗಳು ಕಡಲನ್ನು ತಲುಪಲಾರವು. ಟ್ರ್ಯಾಕ್ಟರಿಗೆ ಒಂದೇ ನಿಗದಿತ ದಾರಿಯನ್ನು ಗುರುತಿಸಿ, ಕೆಲಸ ಮುಗಿದ ಮೇಲೆ ಜಾಡನ್ನು ಸಮಮಾಡಿದರೆ ಎರಡೂ ಜೀವನಗಳು ಒಟ್ಟಿಗೆ ಸಾಗಬಹುದು.

ಕೆರೆ, ಜಲಾಶಯಗಳಲ್ಲಿಯೂ ಇದೇ ಪಾಠ

ದಡದಿಂದ ದೋಣಿ ಇಳಿಸಲು ಟ್ರ್ಯಾಕ್ಟರ್ ಬಳಸುವುದು ಹೊಸದೇನಲ್ಲ. ಇಂಗ್ಲೆಂಡಿನ ಹನ್‌ಸ್ಟಾಂಟನ್ ಎಂಬಲ್ಲಿ ಜೀವರಕ್ಷಕ ದೋಣಿಯನ್ನು ಕುದುರೆಗಳ ಬದಲು ಟ್ರ್ಯಾಕ್ಟರಿನಿಂದ ಇಳಿಸುವ ಪ್ರಯೋಗ 1920ರಲ್ಲಿಯೇ ನಡೆಯಿತು. ಕರ್ನಾಟಕದ ಕೆರೆ, ಜಲಾಶಯಗಳಲ್ಲಿ ಎಂಜಿನ್ ದೋಣಿ ಬಳಸುವವರಿಗೂ ಮೇಲಿನ ಮಾತುಗಳು ಅನ್ವಯಿಸುತ್ತವೆ. ಅಲ್ಲಿ ಅಲೆಯ ಕಾಟವಿಲ್ಲ. ಬದಲಿಗೆ ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಉಳಿಯುವ ಹೂಳು ಯಂತ್ರವನ್ನು ನುಂಗುತ್ತದೆ. ಆದ್ದರಿಂದ ಜಲ್ಲಿ ಹಾಸಿದ ಅಥವಾ ಕಾಂಕ್ರೀಟಿನ ಇಳಿಜಾರಿನಲ್ಲಿ ಮಾತ್ರ ಟ್ರ್ಯಾಕ್ಟರನ್ನು ನೀರಿನ ಬಳಿಗೆ ಒಯ್ಯಬೇಕು. ದೋಣಿ ಹೊತ್ತ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿದಾಗ ಚಕ್ರಗಳಿಗೆ ಕಲ್ಲು ಅಥವಾ ಮರದ ಅಡೆ ಕೊಡುವುದನ್ನು ಮರೆಯಬಾರದು.

ಟ್ರ್ಯಾಕ್ಟರು ಬೆನ್ನಿನ ಹೊರೆಯನ್ನು ಇಳಿಸಿದೆ, ಕಾಯುವ ಸಮಯವನ್ನು ಉಳಿಸಿದೆ. ಆದರೆ ಅಲೆಯನ್ನು ಓದುವ ಕಣ್ಣು, ಹಗ್ಗವನ್ನು ಪರೀಕ್ಷಿಸುವ ಕೈ, ನೆರೆಯವನ ದೋಣಿಯೂ ಮೇಲೇರಲಿ ಎಂಬ ಮನಸ್ಸು ಇವು ಯಂತ್ರದಿಂದ ಬರುವಂಥವಲ್ಲ. ಹತ್ತಾರು ಜನ ಒಂದೇ ಹಗ್ಗಕ್ಕೆ ಕೈಹಾಕುತ್ತಿದ್ದ ಕಾಲದ ಆ ಒಗ್ಗಟ್ಟನ್ನು ಉಳಿಸಿಕೊಂಡ ದಡದಲ್ಲಿ ಟ್ರ್ಯಾಕ್ಟರು ಎಲ್ಲರ ಪಾಲಿಗೂ ನೆರವಾಗಬಲ್ಲದು.